ಹತ್ತೋರಿಗೆ ಹೇಳ್ತೀಯಾ?

ಸಿಂಧನೂರಿನಿಂದ ಮಸ್ಕಿ ಮೇಲೆ ಲಿಂಗಸುಗೂರಿಗೆ ಹೋಗೋ ರಸ್ತೆ ಈಗ ರಾಷ್ಟ್ರೀಯ ಹೆದ್ದಾರಿ 150ಎ. ಹೆಸರಿಗೆ ಹೆದ್ದಾರಿ. ಅದರ ಅಕ್ಕಪಕ್ಕದ ಹಳ್ಳಿ ಜನ ಮಾತ್ರ ಬಸ್ಸಿಗೆ ಕಾದಷ್ಟೇ ಕ್ರೂಸರಿಗೂ ಕಾಯ್ತಾರೆ. "ಮಸ್ಕಿ, ಮಸ್ಕಿ, ಮಸ್ಕಿ" ಅಂತ ಕೂಗಿ, ಸೀಟು ತುಂಬಿದ ಮೇಲೆ ಇನ್ನೂ ನಾಲ್ಕು ಜನ ತುಂಬಿದರೇನೇ ಗಾಡಿ ಬಿಡೋದು. ದಾರಿಯಲ್ಲಿ ಕೈ ಮಾಡಿದವರನ್ನೆಲ್ಲಾ ಹತ್ತಿಸ್ಕೋತಾ, ಇಳಿಸ್ತಾ ಹೋಗೋದು. ಇದು ಕಾನೂನು ಪ್ರಕಾರ ತಪ್ಪು. ಗಾಡಿಗೆ ಹಳದಿ ಬೋರ್ಡು, ಪರ್ಮಿಟ್ಟು, ಎಫ್‌ಸಿ ಎಲ್ಲಾ ಇದ್ದರೂ ತಪ್ಪು.

1988ರ ಮೋಟಾರು ವಾಹನ ಕಾಯ್ದೆ ಇಡೀ ದೇಶಕ್ಕೆ ಒಂದೇ. ಡ್ರೈವರ್ ಬಿಟ್ಟು ಆರು ಜನರವರೆಗೆ ಕೂರೋದು ಮೋಟಾರ್ ಕ್ಯಾಬು, ಅದಕ್ಕೂ ಮೇಲೆ ಹನ್ನೆರಡರವರೆಗೆ ಮ್ಯಾಕ್ಸಿಕ್ಯಾಬು. ಎರಡೂ ಒಪ್ಪಂದದ ವಾಹನಗಳು. ಮೊದಲೇ ಮಾತಾಡಿಕೊಂಡ ಬಾಡಿಗೆಗೆ ಹೋಗಬೇಕು, ಒಪ್ಪಂದದಲ್ಲಿ ಇಲ್ಲದವರನ್ನ ನಡುದಾರಿಯಲ್ಲಿ ಹತ್ತಿಸಬಾರದು, ಇಳಿಸಬಾರದು. ಹಂಗೆ ಹತ್ತಿಸಿ ಇಳಿಸೋ ಹಕ್ಕು ಬಸ್ಸಿಗೆ. ಅಂದರೆ ಈ ಕಾಯ್ದೆಯ ಮನಸ್ಸಿನಲ್ಲಿರೋ ಪ್ರಯಾಣಿಕ ಇಡೀ ಗಾಡಿ ಹಿಡಿಯುವಷ್ಟು ದುಡ್ಡು ಇರೋನು. ಭತ್ತ ಹಚ್ಚೋಕೆ ಬೆಳಿಗ್ಗೆ ಆರಕ್ಕೆ ಹೊರಡೋ ಹೆಣ್ಣುಮಕ್ಕಳು ಅಲ್ಲ.

ಹಂಗಂತ ಪರ್ಮಿಟ್ಟು ಅನ್ನೋದು ಸರ್ಕಾರ ದುಡ್ಡು ವಸೂಲಿ ಮಾಡೋ ದಾರಿ ಅಷ್ಟೇ ಅನ್ನೋ ಕಟ್ಟೆ ಮಾತು ನಾನು ಒಪ್ಪೋದಿಲ್ಲ. ಬೆಂಗಳೂರಿನಲ್ಲಿ ರಾತ್ರಿ ಹನ್ನೊಂದಕ್ಕೆ ಆಫೀಸಿನಿಂದ ಕ್ಯಾಬ್ ಬುಕ್ ಮಾಡ್ತೀನಿ. ಬ್ರೇಕು ನೋಡೋದಿಲ್ಲ, ಡ್ರೈವರ್ ಎಂಥವನು ಅಂತ ಕೇಳೋದಿಲ್ಲ. ನಾನು ಕೇಳಬೇಕಾದ್ದನ್ನ ಬೇರೆ ಯಾರೋ ಮೊದಲೇ ಕೇಳಿದ್ದಾರೆ ಅನ್ನೋ ಧೈರ್ಯ. 2019ರ ತಿದ್ದುಪಡಿ ಆ್ಯಪ್ ಕಂಪನಿಗಳನ್ನೂ ಕಾಯ್ದೆಯೊಳಗೆ ತಂದು ಲೈಸೆನ್ಸ್ ಬೇಕು ಅಂತು. 2020ರ ಕೇಂದ್ರದ ಮಾರ್ಗಸೂಚಿಯಲ್ಲಿ ದಿನಕ್ಕೆ ಹನ್ನೆರಡು ತಾಸಿಗಿಂತ ಹೆಚ್ಚು ಓಡಿಸಬಾರದು, ಡ್ರೈವರಿಗೆ 5 ಲಕ್ಷದ ಆರೋಗ್ಯ ವಿಮೆ, 10 ಲಕ್ಷದ ಜೀವ ವಿಮೆ ಅಂತೆಲ್ಲಾ ಬಂತು. ರಶ್ಶಿನ ಹೊತ್ತಲ್ಲಿ ಮೂಲ ದರದ ಒಂದೂವರೆ ಪಟ್ಟು ತಗೋಬಹುದು ಅಂತ ಆಗ ಇದ್ದದ್ದು 2025ರಲ್ಲಿ ಎರಡು ಪಟ್ಟಾಯ್ತು. ಟಿವಿಯಲ್ಲಿ ಚರ್ಚೆ ನಡೆಯೋದು ಇಂಥದಕ್ಕೇ. ಎಲ್ಲಾ ನನ್ನಂಥೋರ ವಿಷಯ. ಮಸ್ಕಿ ಬಂಡೆ ಮೇಲೆ ಅಶೋಕ ಬರೆಸಿದ ಶಾಸನ ಸಣ್ಣವರಿಗೂ ದೊಡ್ಡವರಿಗೂ ಸೇರಿಸಿ ಹೇಳಿದ್ದು; ನಮ್ಮ ಮಾರ್ಗಸೂಚಿ ಫೋನು ಇದ್ದವರಿಗೆ ಮಾತ್ರ ಹೇಳುತ್ತೆ.

2022ರ ಆಗಸ್ಟ್ 25ರಂದು ತುಮಕೂರು ಜಿಲ್ಲೆಯ ಶಿರಾ ಹತ್ತಿರ ಕ್ರೂಸರಿಗೂ ಲಾರಿಗೂ ಡಿಕ್ಕಿಯಾಗಿ ಒಂಬತ್ತು ಜನ ಸತ್ತರು. ರಾಯಚೂರು ಜಿಲ್ಲೆಯಿಂದ ಬೆಂಗಳೂರಿಗೆ ದುಡಿಯೋಕೆ ಹೊರಟ ಕೂಲಿಕಾರರು. ಹನ್ನೆರಡು-ಹದಿಮೂರು ಜನ ಕೂರೋ ಗಾಡಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಇದ್ದರು. ಆಮೇಲೆ ಎಲ್ಲರೂ ಓವರ್‌ಲೋಡ್ ಬಗ್ಗೆ ಮಾತಾಡಿದರು. ಮಾತಾಡಬೇಕಾದ್ದೇ.

ನಮ್ಮೂರಲ್ಲಿ ಬಾಡಿಗೆ ಓಡಿಸೋ ಅಣ್ಣನೊಬ್ಬನಿದ್ದಾನೆ. ಬಿಳಿ ಬೋರ್ಡಿನ ಗಾಡಿ. ಅವನದೂ ಒಂದು ವಾದ ಇದೆ. "ಹಳದಿ ಮಾಡಿಸಿದ್ರ ಪರ್ಮಿಟ್ಟು, ಎಫ್‌ಸಿ, ಜಾಸ್ತಿ ಇನ್ಶೂರೆನ್ಸು. ಅಷ್ಟು ಕಟ್ಟಿ ಲೆಕ್ಕದ ಮಂದೀನೇ ಹಾಕ್ಕೊಂಡು ಹೋದ್ರ ಡೀಸೆಲ್ಲಿಗೂ ಗಿಟ್ಟಂಗಿಲ್ಲ ತಮ್ಮಾ. ನಾ ಕರಕೊಂಡು ಹೋಗಲಿಲ್ಲಾಂದ್ರ ಟ್ರ್ಯಾಕ್ಟರದಾಗ ಹೋಗ್ತಾರ, ಅದು ಚಲೋ ಏನು?" ಚಲೋ ಅಲ್ಲ. ಗೂಡ್ಸ್ ಗಾಡಿಯಲ್ಲಿ ಹತ್ತಿದ ಪ್ರಯಾಣಿಕರ ಹೊಣೆ ವಿಮಾ ಕಂಪನಿ ಮೇಲಿಲ್ಲ ಅಂತ ಸುಪ್ರೀಂ ಕೋರ್ಟು 2002ರಲ್ಲೇ ಹೇಳಿದೆ.

ಅವನ ಗಾಡಿಯಲ್ಲಿ ಎರಡು ತಪ್ಪು ಇವೆ, ಅವೆರಡೂ ಒಂದೇ ಅಲ್ಲ. ಒಂದು, ಹೆಚ್ಚು ಜನ. ಅದು ಹತ್ತೋರಿಗೆ ಕಣ್ಣಿಗೆ ಕಾಣುತ್ತೆ. ಇನ್ನೊಬ್ಬರ ತೊಡೆ ಮೇಲೆ ಕೂತವರಿಗೆ ಗಾಡಿ ತುಂಬಿದ್ದು ಗೊತ್ತಿರೋದಿಲ್ವಾ? ಗೊತ್ತಿದ್ದೇ ಹತ್ತಿರ್ತಾರೆ. (ಬೇರೆ ಗಾಡಿ ಇಲ್ಲದಾಗ ಅದನ್ನ ಒಪ್ಪಿಗೆ ಅನ್ನಬಹುದಾ ಅನ್ನೋದು ಬೇರೆ ಮಾತು.) ಇನ್ನೊಂದು, ಬೋರ್ಡು. ಸ್ವಂತಕ್ಕೆ ಅಂತ ಮಾಡಿಸಿದ ಪಾಲಿಸಿ ಬಾಡಿಗೆ ಓಡಿಸಿದರೆ ನಡೆಯೋದಿಲ್ಲ. ನಾಳೆ ಅಪಘಾತದಲ್ಲಿ ಕಾಲು ಮುರಿದರೆ ಕಂಪನಿ ಕೈ ಎತ್ತುತ್ತೆ. ಮೊದಲು ನೀನು ಕೊಡು, ಆಮೇಲೆ ಮಾಲೀಕನಿಂದ ವಸೂಲಿ ಮಾಡ್ಕೋ ಅಂತ ಕೋರ್ಟು ಕೆಲವು ಸಲ ಕಂಪನಿಗೆ ಹೇಳುತ್ತೆ. ಅದಕ್ಕೆ ಕೇಸು ಹಾಕಬೇಕು, ವರ್ಷಗಟ್ಟಲೆ ಅಲೆಯಬೇಕು. ಇದು ಹತ್ತೋ ಹೆಣ್ಣುಮಗಳಿಗೆ ಕಾಣೋದಿಲ್ಲ, ಯಾರೂ ಹೇಳೋದೂ ಇಲ್ಲ. ನನ್ನ ಲೆಕ್ಕದಲ್ಲಿ ಇದು ದೊಡ್ಡ ತಪ್ಪು. ಅವನು ಉಳಿಸಿದ ದುಡ್ಡಿನ ಅಪಾಯ ಅವಳ ತಲೆ ಮೇಲೆ, ಅದೂ ಅವಳನ್ನ ಕೇಳದೆ.

ಸರ್ಕಾರದ ಪಾಲು ಕಮ್ಮಿ ಅಂತಲ್ಲ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸು ಪುಕ್ಕಟೆ. ಆದರೂ ಆಕೆ ಕೈಯಿಂದ ದುಡ್ಡು ಕೊಟ್ಟು ಕ್ರೂಸರ್ ಹತ್ತುತಾಳೆ ಅಂದರೆ ಆ ಹೊತ್ತಿಗೆ ಬಸ್ಸಿಲ್ಲ ಅಂತಲೇ ಅರ್ಥ. ಕಾಯ್ದೆ ಸಡಿಲಿಸೋಕೆ ಬರೋದಿಲ್ಲ ಅಂತೇನಿಲ್ಲ. 7,500 ಕೆಜಿ ಒಳಗಿನ ಬಾಡಿಗೆ ಗಾಡಿಗೆ ಮಾಮೂಲಿ ಎಲ್‌ಎಂವಿ ಲೈಸೆನ್ಸೇ ಸಾಕು ಅಂತ 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟೇ ಹೇಳ್ತು. ಮುಂಬಯಿಯಲ್ಲಿ ಶೇರ್ ಟ್ಯಾಕ್ಸಿಗಳು ಸಾರಿಗೆ ಪ್ರಾಧಿಕಾರ ಒಪ್ಪಿದ ರೂಟಿನಲ್ಲಿ, ಸೀಟಿಗಿಷ್ಟು ಅಂತ ದರ ಹಾಕಿಕೊಂಡೇ ಓಡ್ತವೆ. ಸಿಂಧನೂರು–ಮಸ್ಕಿ–ಲಿಂಗಸುಗೂರಿಗೂ ಹಂಗೇ ಸೀಟಿನ ಲೆಕ್ಕದ ಪರ್ಮಿಟ್ಟು ಕೊಟ್ಟು, ವಿಮೆ ಕಡ್ಡಾಯ ಮಾಡಿ, ಬಸ್ಸಿಲ್ಲದ ಹೊತ್ತಿಗೆ ಓಡಿಸಲಿ. ಆಗ ಅಣ್ಣನಿಗೆ ಹಳದಿ ಬೋರ್ಡು ಗಿಟ್ಟಬಹುದು.

ಅದು ಯಾವಾಗ ಬರುತ್ತೋ. ಅಲ್ಲೀತನಕ ಏನು ಅಂತ ಅವನ ಜೊತೆ ಜಗಳ ಆಡ್ತಾನೇ ಇರ್ತೀನಿ. ಈ ಸಲ ಊರಿಗೆ ಹೋದಾಗ ಕೇಳಿದೆ, "ಅಣ್ಣಾ, ಇನ್ಶೂರೆನ್ಸ್ ನಡೆಯಂಗಿಲ್ಲ ಅಂತ ಹತ್ತೋರಿಗೆ ಹೇಳ್ತೀಯಾ?"

"ಹೇಳಿದ್ರ ಯಾರು ಹತ್ತತಾರ?" ಅಂದ.

ಬಸ್ಸಿಲ್ಲದ ಹೊತ್ತಲ್ಲಿ ಆದರೂ ಹತ್ತುತಾರೆ ಅಂತಲೇ ನನಗನ್ನಿಸುತ್ತೆ. ಅವನಿಗೂ ಅದು ಗೊತ್ತು. ಆದರೂ ಹೇಳೋದಿಲ್ಲ.