ಕೀಲಿ ಇದೆ, ಕೈ ಎಲ್ಲಿ?



ದಾವಣಗೆರೆಯ ಪಿ.ಬಿ. ರಸ್ತೆಯಲ್ಲಾಗಲಿ, ಹರಿಹರದ ತುಂಗಭದ್ರಾ ಸೇತುವೆಯ ಮೇಲಾಗಲಿ ಹಸಿರು ನಂಬರ್ ಪ್ಲೇಟಿನ ವಾಹನಗಳು ಈಗ ಅಪರೂಪವಲ್ಲ. ಹೊಗೆಯಿಲ್ಲದೆ, ಸದ್ದಿಲ್ಲದೆ ಸಾಗುವ ಈ ವಿದ್ಯುತ್ ವಾಹನಗಳಲ್ಲಿ ಆಟೋ ಮತ್ತು ಸ್ಕೂಟರುಗಳೇ ಹೆಚ್ಚು. ಭಾರಿ ಬೆಲೆಯ ಐಷಾರಾಮಿ ಕಾರುಗಳು ಕಡಿಮೆ. ಆದರೂ ಭಾನುವಾರದ ಬಲಿಪೂಜೆ ಮುಗಿದು ಯುವಕರು ಚರ್ಚಿನ ಅಂಗಳದಲ್ಲಿ ಮಾತಿಗೆ ನಿಂತರೆ, ಮಾತು ಹೊರಳುವುದು ಆ ಐಷಾರಾಮಿ ಕಾರುಗಳ ಕಡೆಗೇ. ಅವುಗಳ ವೇಗಕ್ಕಿಂತಲೂ ಅವುಗಳ ಅನುಕೂಲಗಳೇ ಮನಸ್ಸನ್ನು ಹೆಚ್ಚು ಸೆಳೆಯುತ್ತವೆ.

ಇಂಥ ಕಾರಿನ ಕೀಲಿ ಈಗ ಕೀಲಿಯಂತೆ ಕಾಣುವುದೇ ಇಲ್ಲ. 2012ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಟೆಸ್ಲಾ ಮಾಡೆಲ್ ಎಸ್ ಕಾರಿನ ರಿಮೋಟ್ ಕೀ ಆ ಕಾರಿನದೇ ಪುಟ್ಟ ಆಕೃತಿ. ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಅದನ್ನು ಹೊರತೆಗೆಯಬೇಕಾಗಿಲ್ಲ, ಜೇಬಿನಲ್ಲಿದ್ದರೆ ಸಾಕು. ಒಡೆಯನು ಹತ್ತಿರ ಬಂದಾಗ ಕಾರೂ ಕೀಲಿಯೂ ರೇಡಿಯೋ ಅಲೆಗಳ ಮೂಲಕ ತಮ್ಮತಮ್ಮಲ್ಲೇ ಪ್ರಶ್ನೋತ್ತರ ನಡೆಸುತ್ತವೆ. ಉತ್ತರ ಸರಿಯಾದರೆ ಬಾಗಿಲಿನಲ್ಲಿ ಹುದುಗಿದ್ದ ಹಿಡಿಕೆ ತಾನಾಗಿ ಹೊರಚಾಚುತ್ತದೆ. 2016ರಲ್ಲಿ, ಹೊರಗೆ ನಿಂತು ಗುಂಡಿ ಒತ್ತಿದರೆ ಚಾಲಕನಿಲ್ಲದ ಕಾರು ತಾನೇ ಗ್ಯಾರೇಜಿನಿಂದ ಹೊರಬರುವ ಸೌಲಭ್ಯವೂ ಬಂದಿತು. 2022ರಲ್ಲಿ ಬಂದ ಬಿಎಂಡಬ್ಲ್ಯು ಐ7 ಕಾರಿನಲ್ಲಿ ಬಾಗಿಲುಗಳೇ ತಾವಾಗಿ ತೆರೆದು ಮುಚ್ಚಿಕೊಳ್ಳಬಲ್ಲವು. ಇಷ್ಟಾದರೂ ಬಯಕೆಯ ಪಟ್ಟಿ ಮುಗಿದಿಲ್ಲ. ಕೀಲಿ ಯಾರದೆಂದು ತಿಳಿದು ಆಸನವು ಅವರವರಿಗೆ ತಕ್ಕಂತೆ ಸರಿಯಬೇಕು. ಮನೆಯಿಂದ ಹೊರಡುವ ಮೊದಲೇ ಒಳಗೆ ತಂಪಾಗಿರಬೇಕು. ಕಾಲು ಬೀಸಿದರೆ ಡಿಕ್ಕಿ ತೆರೆಯಬೇಕು. ಕೊನೆಗೆ ಆ ಪುಟ್ಟ ಕೀಲಿಯನ್ನು ಹೊರುವ ಭಾರವೂ ಬೇಡ, ಮೊಬೈಲೇ ಕೀಲಿಯಾಗಲಿ.

ಇವುಗಳನ್ನು ಬಯಸುವುದು ತಪ್ಪೇ? ಕ್ರೈಸ್ತ ವಿಶ್ವಾಸಿಯೊಬ್ಬನು ಅನುಕೂಲವನ್ನು ಎಷ್ಟರಮಟ್ಟಿಗೆ ಬಯಸಬಹುದು? ನಮಗೆ ಕಾರೇ ಇಲ್ಲವಲ್ಲ ಎಂದು ಯಾರೂ ಪುಟ ಮಗುಚಬೇಕಾಗಿಲ್ಲ. ಸ್ಕೂಟರಿಗೂ ಮೊಬೈಲಿಗೂ ಅಡುಗೆಮನೆಯ ಯಂತ್ರಕ್ಕೂ ಈ ಪ್ರಶ್ನೆ ಒಂದೇ.

ಮೊದಲಿಗೆ ಅನುಕೂಲದ ಪರವಾಗಿ ನ್ಯಾಯವಾದ ಮಾತನ್ನು ಹೇಳಬೇಕು. ನಮ್ಮ ತಾಯಂದಿರು ಸೊಂಟ ಬಗ್ಗಿಸಿ ಒಗೆದ ಬಟ್ಟೆ, ತಲೆಯ ಮೇಲೆ ಹೊತ್ತ ನೀರು, ಹೊಗೆಯಲ್ಲಿ ಕಣ್ಣುರಿಸಿಕೊಂಡು ಊದಿದ ಒಲೆ, ಇವುಗಳನ್ನು ಪವಿತ್ರವೆಂದು ಹೊಗಳುವವರು ಸಾಮಾನ್ಯವಾಗಿ ಅವುಗಳನ್ನು ಮಾಡದೇ ಇದ್ದವರು. ಸಂಧಿವಾತದಿಂದ ಬೆರಳು ಮಡಚಲಾರದ ಹಿರಿಯರಿಗೆ, ಊರುಗೋಲು ಹಿಡಿದವರಿಗೆ, ಕಂಕುಳಲ್ಲಿ ಮಗುವನ್ನು ಎತ್ತಿಕೊಂಡ ತಾಯಿಗೆ ತಾನಾಗಿ ತೆರೆಯುವ ಬಾಗಿಲು ಐಷಾರಾಮವಲ್ಲ, ಉಪಕಾರ. ನಮ್ಮ ನಾಡಿನ ಉದಾಹರಣೆಯೇ ಇದೆ. ಬೆಂಗಳೂರಿನಲ್ಲಿ ತಯಾರಾಗಿ 2001ರಲ್ಲಿ ರಸ್ತೆಗಿಳಿದ ರೇವಾ ಎಂಬ ಪುಟ್ಟ ವಿದ್ಯುತ್ ಕಾರನ್ನು ಹಲವರು ಮರೆತಿರಲಾರರು. ಆ ಸಂಸ್ಥೆ 2009ರಲ್ಲಿ ಒಂದು ಸೌಲಭ್ಯವನ್ನು ಪ್ರಕಟಿಸಿತು: ನಡುದಾರಿಯಲ್ಲಿ ಬ್ಯಾಟರಿ ಬರಿದಾದರೆ ಚಾಲಕನು ಫೋನಿನಲ್ಲಿ ತಿಳಿಸಬಹುದು, ಸಂಸ್ಥೆಯವರು ದೂರದಿಂದಲೇ ಬ್ಯಾಟರಿಯಲ್ಲಿ ಕಾಯ್ದಿರಿಸಿದ ಒಂದಿಷ್ಟು ಶಕ್ತಿಯನ್ನು ಬಿಡುಗಡೆ ಮಾಡುವರು. ದಾರಿಯಲ್ಲಿ ಸಿಕ್ಕಿಬಿದ್ದವನಿಗೆ ನೆರವಾಗುವ ಇಂಥ ಅನುಕೂಲದಲ್ಲಿ ದೋಷವೇನಿದೆ?

ಸಂತ ಥಾಮಸ್ ಅಕ್ವಿನಾಸರು ತಮ್ಮ 'ಸುಮ್ಮಾ ತಿಯೊಲಾಜಿಕಾ' ಗ್ರಂಥದಲ್ಲಿ ಸಂಪತ್ತನ್ನು ಎರಡು ಬಗೆಯಾಗಿ ವಿಂಗಡಿಸುತ್ತಾರೆ. ಅನ್ನ, ಪಾನೀಯ, ಬಟ್ಟೆ, ಮನೆ ಮುಂತಾಗಿ ಮನುಷ್ಯನ ಸಹಜ ಕೊರತೆಗಳನ್ನು ನೀಗಿಸುವಂಥದು ಸಹಜ ಸಂಪತ್ತು. ಆ ಪಟ್ಟಿಯಲ್ಲಿ ವಾಹನವೂ ಸೇರಿದೆ ಎಂಬುದನ್ನು ಗಮನಿಸಿರಿ. ಹಣದಂತೆ ಮನುಷ್ಯನೇ ಕಲ್ಪಿಸಿಕೊಂಡದ್ದು ಕೃತಕ ಸಂಪತ್ತು. ಸಹಜ ಸಂಪತ್ತಿನ ಬಯಕೆಗೆ ಒಂದು ಮಿತಿಯಿದೆ. ಹಸಿವು ಹಿಂಗಿದವನು ಎಲೆಯಿಂದ ಏಳುತ್ತಾನೆ. ಕೃತಕ ಸಂಪತ್ತಿನ ಬಯಕೆಗೆ ಮಿತಿಯಿಲ್ಲ. ಈ ವಿವೇಕವನ್ನು ಕಾರಿಗೂ ಅನ್ವಯಿಸಬಹುದು. ಊರಿಂದೂರಿಗೆ ಕರೆದೊಯ್ಯುವವರೆಗೆ ಕಾರು ಸಹಜ ಸಂಪತ್ತು. ಊರು ತಲುಪಿದ ಮೇಲೆ ಆ ಬಯಕೆ ತಣಿಯುತ್ತದೆ. ನೆರೆಯವನ ಕಾರಿನಲ್ಲಿದ್ದದ್ದು ನನ್ನ ಕಾರಿನಲ್ಲಿಲ್ಲ ಎಂಬ ಬಯಕೆ ಹುಟ್ಟಿದಾಗ ಅದಕ್ಕೆ ತಲುಪಬೇಕಾದ ಊರೇ ಇರುವುದಿಲ್ಲ.

ಆದರೆ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಚಾರ. ಕನ್ನಡದಲ್ಲಿ ನಾವು 'ಬೀಗದ ಕೈ' ಎನ್ನುತ್ತೇವೆ. 'ಕೀಲಿಕೈ' ಎಂದೂ ಹೇಳುತ್ತೇವೆ. ಬೀಗ ತೆರೆಯುವ ಸಾಧನಕ್ಕೆ ನಮ್ಮ ಹಿರಿಯರು 'ಕೈ' ಎಂದೇ ಹೆಸರಿಟ್ಟರು. ಬಾಗಿಲನ್ನು ಯಾರಿಗೆ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬ ತೀರ್ಮಾನ ಕೈಯದು. ಕೈ ಒಬ್ಬ ಮನುಷ್ಯನದು. ಕೀಲಿಯಿಂದ ಕೈಯನ್ನು ತೆಗೆದುಹಾಕಿದರೆ ಶ್ರಮದ ಜೊತೆಗೆ ಬೇರೇನಾದರೂ ಹೋಗುತ್ತದೆಯೇ?

ಹರಿಹರದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಇಲ್ಲಿ ಲೇತ್ ಯಂತ್ರಗಳನ್ನು ತಯಾರಿಸಿತು. ಆ ಕಾರ್ಖಾನೆ ಮುಚ್ಚಿ ವರ್ಷಗಳೇ ಸಂದರೂ ಅಲ್ಲಿ ದುಡಿದವರ ಮನೆಗಳು ಈ ಊರಿನಲ್ಲಿವೆ. ಲೇತ್ ಯಂತ್ರದ ಚಕ್ಕನ್ನು ಬಿಗಿಮಾಡಲು ಒಂದು ಕೀಲಿಯಿರುತ್ತದೆ. ಆ ಕೀಲಿ ಚಕ್ಕಿನಲ್ಲಿರುವಷ್ಟು ಹೊತ್ತು ಅದರಿಂದ ಕೈ ತೆಗೆಯಬಾರದು ಎಂಬುದು ಕಲಿಯಲು ಬಂದ ಹುಡುಗನಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು. ಕೀಲಿಯನ್ನು ಅಲ್ಲೇ ಮರೆತು ಯಂತ್ರ ಚಾಲೂ ಮಾಡಿದರೆ ಅದು ಬಾಣದಂತೆ ಚಿಮ್ಮಿ ಎದುರಿಗಿದ್ದವನ ಜೀವವನ್ನೇ ತೆಗೆಯಬಹುದು. ಹಾಗೆಯೇ ಪ್ರೆಸ್ ಯಂತ್ರಗಳಲ್ಲಿ ಎರಡು ಗುಂಡಿಗಳನ್ನು ಎರಡೂ ಕೈಗಳಿಂದ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಇಳಿಯುವ ವ್ಯವಸ್ಥೆಯಿದೆ. ಒಂದೇ ಗುಂಡಿ ಅನುಕೂಲವಾಗಿತ್ತು ನಿಜ. ಆದರೆ ಆಗ ಇನ್ನೊಂದು ಕೈ ಅಚ್ಚಿನ ಕೆಳಗಿರಬಹುದಿತ್ತು. ಅಲ್ಲಿ ಅನಾನುಕೂಲವನ್ನು ಬೇಕೆಂದೇ ಇಟ್ಟಿದ್ದಾರೆ, ಕೈಯನ್ನು ಉಳಿಸುವುದಕ್ಕಾಗಿ.

ಐಷಾರಾಮಿ ಕಾರಿನ ಕೀಲಿಯೂ ಇದೇ ಪಾಠವನ್ನು ಕಲಿಸಿದೆ. ಬೆಲ್ಜಿಯಂ ದೇಶದ ಲೂವೆನ್ ಕಥೋಲಿಕ ವಿಶ್ವವಿದ್ಯಾಲಯದ ಸಂಶೋಧಕರು, ಮಾಡೆಲ್ ಎಸ್ ಕಾರಿನ ಅಂದಿನ ರಿಮೋಟ್ ಕೀಲಿಯನ್ನು ಕೆಲವೇ ಸೆಕೆಂಡುಗಳಲ್ಲಿ ನಕಲು ಮಾಡಬಹುದೆಂದು 2018ರಲ್ಲಿ ತೋರಿಸಿಕೊಟ್ಟರು. ಕಾರು ಗುರುತಿಸುವುದು ಒಡೆಯನನ್ನಲ್ಲ, ಅವನ ಜೇಬಿನಲ್ಲಿರುವ ವಸ್ತುವನ್ನು. ಆ ವಸ್ತುವಿನ ನಕಲು ಯಾರ ಬಳಿಯಿದ್ದರೂ ಅವನೇ ಒಡೆಯ. ಆಗ ಕಂಪನಿ ಕಂಡುಕೊಂಡ ಪರಿಹಾರಗಳಲ್ಲಿ ಒಂದು ಏನು ಗೊತ್ತೇ? ಹೊರಡುವ ಮುನ್ನ ಚಾಲಕನು ತನ್ನ ಬೆರಳಿನಿಂದ ಗುಪ್ತ ಅಂಕಿಗಳನ್ನು ಒತ್ತುವುದು. ಬಿಟ್ಟುಹೋದ ಕೈಯನ್ನು ಮತ್ತೆ ಕರೆಯಬೇಕಾಯಿತು. 2025ರಲ್ಲಿ ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಮತ್ತೊಂದು ಮಾದರಿಯ ವಿದ್ಯುತ್ ಚಾಲಿತ ಬಾಗಿಲ ಹಿಡಿಕೆಗಳ ಬಗ್ಗೆ ತನಿಖೆ ಆರಂಭಿಸಿತು. ಬ್ಯಾಟರಿಯ ಶಕ್ತಿ ಕುಂದಿದಾಗ ಹಿಡಿಕೆಗಳು ಕೆಲಸ ಮಾಡದೆ, ಹಿಂದಿನ ಆಸನದಲ್ಲಿದ್ದ ಮಕ್ಕಳನ್ನು ತಂದೆತಾಯಿಗಳು ಹೊರಗಿನಿಂದ ತಲುಪಲಾಗದೆ ಹೋದ ದೂರುಗಳು ಅದಕ್ಕೆ ಕಾರಣ.

ಯೋವಾನ್ನರ ಶುಭಸಂದೇಶದ ಹತ್ತನೆಯ ಅಧ್ಯಾಯವನ್ನು ಇಲ್ಲಿ ನೆನೆಯೋಣ. ಕುರಿಹಟ್ಟಿಯ ಬಾಗಿಲು ಕಾಯುವವನು ಕುರುಬನಿಗೆ ಬಾಗಿಲು ತೆರೆಯುತ್ತಾನೆ. ಕುರುಬನು ಕುರಿಗಳನ್ನು ಹೆಸರು ಹಿಡಿದು ಕರೆಯುತ್ತಾನೆ. ಅವು ಅವನ ಸ್ವರವನ್ನು ಬಲ್ಲವು. ಅಲ್ಲಿ ಗುರುತಿಸುವಿಕೆ ಇರುವುದು ವ್ಯಕ್ತಿ ಮತ್ತು ವ್ಯಕ್ತಿಯ ನಡುವೆ. ಯಂತ್ರಕ್ಕೆ ಅದು ಸಾಧ್ಯವಿಲ್ಲ. ಸಾಧ್ಯವಾಗಲಿಲ್ಲವೆಂದು ಯಂತ್ರವನ್ನು ದೂಷಿಸುವುದೂ ಬೇಡ. ಆದರೆ ನಮಗೆ ಸಾಧ್ಯವಿದ್ದೂ ನಾವು ಅದನ್ನು ಬಿಟ್ಟುಕೊಟ್ಟರೆ ಅದು ನಷ್ಟ. ಹಿಂದೆ ನಮ್ಮ ಬೀದಿಗಳಲ್ಲಿ ಊರಿಗೆ ಹೊರಟವರು ಬೀಗದ ಕೈಯನ್ನು ಪಕ್ಕದ ಮನೆಯಲ್ಲಿ ಕೊಟ್ಟು ಹೋಗುತ್ತಿದ್ದರು. ಅದರೊಂದಿಗೆ ಒಂದು ನಂಬಿಕೆಯೂ ಆ ಮನೆಗೆ ಹೋಗುತ್ತಿತ್ತು. ನನ್ನ ಬೆರಳಚ್ಚಿಗೆ ಮಾತ್ರ ತೆರೆಯುವ ಬೀಗವನ್ನು ಪಕ್ಕದ ಮನೆಯವರ ಕೈಗೆ ಕೊಡುವುದು ಹೇಗೆ?

ಪವಿತ್ರ ಗ್ರಂಥದಲ್ಲಿ ಕೀಲಿ ಎಂದೂ ಹಗುರವಾದ ವಸ್ತುವಲ್ಲ. ಪ್ರವಾದಿ ಯೆಶಾಯನ ಗ್ರಂಥದಲ್ಲಿ ದೇವರು ದಾವೀದನ ಮನೆತನದ ಕೀಲಿಯನ್ನು ಎಲ್ಯಾಕೀಮನ ಹೆಗಲ ಮೇಲೆ ಇರಿಸುವರು (22:22). ಜೇಬಿನಲ್ಲಲ್ಲ, ಹೆಗಲ ಮೇಲೆ! ಪ್ರಭು ಯೇಸು ಸ್ವರ್ಗಸಾಮ್ರಾಜ್ಯದ ಕೀಲಿಕೈಗಳನ್ನು ಸಂತ ಪೇತ್ರರಿಗೆ ವಹಿಸಿದ್ದೂ ಸೇವೆಯ ಹೊಣೆಯಾಗಿಯೇ. ಇಂದಿಗೂ ಧರ್ಮಸಭೆಯ ಕಾನೂನು ಸಂಹಿತೆಯ 938ನೆಯ ವಿಧಿ, ಪರಮಪ್ರಸಾದದ ಪೆಟ್ಟಿಗೆಯ ಕೀಲಿಯನ್ನು ಅತ್ಯಂತ ಎಚ್ಚರದಿಂದ ಕಾಪಾಡಬೇಕೆಂದು ಹೊಣೆ ಹೊತ್ತವರಿಗೆ ವಿಧಿಸುತ್ತದೆ. ಪ್ರತಿ ಸಲವೂ ಆ ಪುಟ್ಟ ಕೀಲಿಯನ್ನು ಕೈಯಿಂದಲೇ ತಿರುಗಿಸಬೇಕು. ತಿರುಗಿಸುವ ಆ ಕ್ಷಣ ತಾನು ಯಾರ ಮುಂದೆ ನಿಂತಿದ್ದೇನೆ ಎಂಬುದನ್ನು ಗುರುವಿಗೆ ನೆನಪಿಸುತ್ತದೆ.

ಇನ್ನು ಪ್ರಭು ಹೇಳಿದ ನಡುರಾತ್ರಿಯ ಗೆಳೆಯನ ಸಾಮತಿ (ಲೂಕ 11:5-8). ಅತಿಥಿಗೆ ಬಡಿಸಲು ರೊಟ್ಟಿಯಿಲ್ಲದೆ ಒಬ್ಬನು ಬಂದು ಬಾಗಿಲು ತಟ್ಟುತ್ತಾನೆ. ಒಳಗಿದ್ದವನ ಉತ್ತರವೇನು? ಬಾಗಿಲು ಹಾಕಿಯಾಗಿದೆ, ಮಕ್ಕಳು ಮಲಗಿದ್ದಾರೆ, ತೊಂದರೆ ಕೊಡಬೇಡ. ಅವನು ದುಷ್ಟನಲ್ಲ; ಅವನಿಗೆ ಅನುಕೂಲವಿರಲಿಲ್ಲ, ಅಷ್ಟೆ. ನಮ್ಮ ಬಹುಪಾಲು ನಿರಾಕರಣೆಗಳು ಹೀಗೆಯೇ ಇರುತ್ತವೆ. ಪ್ರೀತಿ ಬಾಗಿಲು ತಟ್ಟುವುದು ನಮಗೆ ಅನುಕೂಲವಾದ ಹೊತ್ತಿನಲ್ಲಲ್ಲ. ದಿನವಿಡೀ ಯಾವ ಬಾಗಿಲನ್ನೂ ಕೈಯಿಂದ ತೆರೆಯದೆ ಬದುಕಲು ಕಲಿತವನು ನಡುರಾತ್ರಿಯಲ್ಲಿ ಎದ್ದು ಚಿಲಕ ತೆಗೆಯಬಲ್ಲನೇ? ಈ ಪ್ರಶ್ನೆಯ ಮುಂದೆ ಕಾರಿನ ಬೆಲೆ ಮುಖ್ಯವಾಗುವುದಿಲ್ಲ.

ಆದ್ದರಿಂದ ಯಾವುದೇ ಅನುಕೂಲವನ್ನು ಕೊಳ್ಳುವ ಮುನ್ನ ಮನೆಯವರೆಲ್ಲ ಕುಳಿತು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬಹುದು.

ಮೊದಲನೆಯದು, ಇದು ನನ್ನ ಕೈಗೆ ಬಿಡುವು ಕೊಡುವುದು ಯಾವುದಕ್ಕಾಗಿ? ಬಟ್ಟೆ ಒಗೆಯುವ ಯಂತ್ರ ತಾಯಿಗೆ ಉಳಿಸಿಕೊಟ್ಟ ಗಂಟೆ ಮಗುವಿಗೆ ದಕ್ಕಿದರೆ ಯಂತ್ರ ತನ್ನ ಕೆಲಸ ಮಾಡಿದಂತೆ. ಉಳಿದ ಗಂಟೆಯೆಲ್ಲ ಮೊಬೈಲಿಗೆ ಹೋದರೆ ಉಳಿಸಿದ್ದೇನು?

ಎರಡನೆಯದು, ನನ್ನ ಕೈಗೆ ತಪ್ಪಿದ ಶ್ರಮ ಯಾರ ಕೈಗೆ ಹೋಯಿತು? ವಿದ್ಯುತ್ ಕಾರು ನಮ್ಮ ರಸ್ತೆಯ ಹೊಗೆಯನ್ನು ಕಡಿಮೆ ಮಾಡುವುದು ನಿಜ. ಸೃಷ್ಟಿಯ ಆರೈಕೆಯನ್ನು ಕುರಿತು ದಿವಂಗತ ಪೋಪ್ ಫ್ರಾನ್ಸಿಸರು 2015ರಲ್ಲಿ ಬರೆದ 'ಲೌದಾತೊ ಸಿ' ವಿಶ್ವಪತ್ರವನ್ನು ಓದಿದವರು ಅದನ್ನು ಸ್ವಾಗತಿಸುವರು. ಆದರೆ ಇಂಥ ಅನೇಕ ಬ್ಯಾಟರಿಗಳಿಗೆ ಬೇಕಾದ ಕೋಬಾಲ್ಟ್ ಲೋಹದ ಅರ್ಧಕ್ಕಿಂತ ಹೆಚ್ಚು ಪಾಲು ಬರುವುದು ಆಫ್ರಿಕದ ಕಾಂಗೋ ದೇಶದಿಂದ. ಅಲ್ಲಿನ ಕೆಲವು ಗುಂಡಿಗಳಲ್ಲಿ ಬರಿಗೈಯಿಂದ ಅಗೆಯುವವರಲ್ಲಿ ಮಕ್ಕಳೂ ಇದ್ದಾರೆ. ಅದೇ ವಿಶ್ವಪತ್ರವು ಭೂಮಿಯ ಕೂಗನ್ನೂ ಬಡವರ ಕೂಗನ್ನೂ ಒಟ್ಟಿಗೆ ಆಲಿಸಲು ನಮ್ಮನ್ನು ಕರೆಯುತ್ತದೆ.

ಮೂರನೆಯದು, ಇದು ಇಲ್ಲದ ದಿನ ನಾನು ಸಮಾಧಾನದಿಂದ ಇರಬಲ್ಲೆನೇ? ಕೀಲಿಯ ಬ್ಯಾಟರಿ ಮುಗಿದ ಬೆಳಿಗ್ಗೆ ಮನೆಯವರೆಲ್ಲ ಬೈಗುಳ ಕೇಳಬೇಕಾಗಿ ಬಂದರೆ, ಆ ಕಾರಿಗೆ ಒಡೆಯರು ನಾವೋ ಅಥವಾ ನಮಗೆ ಅದೋ ಎಂದು ಯೋಚಿಸಬೇಕು. ಸಾಲದ ಕಂತಿಗಾಗಿ ವಯಸ್ಸಾದ ತಂದೆಯ ಔಷಧಿಯ ಖರ್ಚನ್ನು ಮುಂದೂಡುವ ಮನೆಯಲ್ಲಿ ಈ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ.

ಹರಿಹರಕ್ಕೂ ದಾವಣಗೆರೆಗೂ ನಡುವೆ ಸುಮಾರು 14 ಕಿಲೋಮೀಟರ್ ದಾರಿ. ಆ ದಾರಿಯಲ್ಲಿ ಬೆಳಿಗ್ಗೆ ದಾವಣಗೆರೆಯ ಆಸ್ಪತ್ರೆಗಳಿಗೆ ಹೊರಟ ರೋಗಿಗಳು ಬಸ್ಸಿಗಾಗಿ ಕಾಯುತ್ತಾರೆ. ಸೆಪ್ಟೆಂಬರ್ 8ರ ಹಬ್ಬ ಸಮೀಪಿಸಿದಾಗ ಆರೋಗ್ಯಮಾತೆಯ ಪುಣ್ಯಕ್ಷೇತ್ರಕ್ಕೆ ಜಾತಿಮತದ ಭೇದವಿಲ್ಲದೆ ಜನ ಬರುತ್ತಾರೆ. ಕಾಲ್ನಡಿಗೆಯಲ್ಲಿ ಬರುವವರೂ ಉಂಟು. ದೇವರು ಅನುಗ್ರಹಿಸಿದವರು ಒಳ್ಳೆಯ ಕಾರನ್ನೇ ಕೊಳ್ಳಲಿ. ಅದರ ಮುಂಬಾಗಿಲು ಒಡೆಯನ ಹೆಜ್ಜೆಯನ್ನರಿತು ತಾನಾಗಿ ತೆರೆದುಕೊಳ್ಳಲಿ. ಆದರೆ ದಾರಿಬದಿಯಲ್ಲಿ ನಿಂತ ಆ ಮುದುಕಿಯ ಜೇಬಿನಲ್ಲಿ ಅದರ ಕೀಲಿಯಿಲ್ಲ. ಅವಳನ್ನು ಗುರುತಿಸುವಂತೆ ಯಾವ ಕಂಪನಿಯೂ ಆ ಬಾಗಿಲನ್ನು ರೂಪಿಸಿಲ್ಲ. ಅವಳಿಗಾಗಿ ಕಾರು ನಿಲ್ಲಿಸಿ ಹಿಂಬಾಗಿಲನ್ನು ತೆರೆಯುವ ಕೆಲಸ ಇಂದಿಗೂ ನಮ್ಮ ಕೈಗೇ ಉಳಿದಿದೆ.