ಎರಡು ಗುಂಡಿ

ಕುಮಟಾದ ತಪಾಸಣಾ ಶಿಬಿರದಲ್ಲಿ ನನಗೆ ಕೇಳಿದ ಪ್ರಶ್ನೆ ಬಹಳ ಸಣ್ಣದು: "ಅಂಗಿ ಗುಂಡಿ ತಾನೇ ಹಾಕ್ಕೊಳ್ತಾನಾ?" ಮಗ ಪಕ್ಕದಲ್ಲೇ ನಿಂತಿದ್ದ. ಹಿಂದಿನ ವಾರವಷ್ಟೇ ಅವನು ಮೊದಲ ಸಲ ಎರಡು ಗುಂಡಿ ಹಾಕಿಕೊಂಡು, ಉಳಿದದ್ದಕ್ಕೆ ತಾಳ್ಮೆ ಸಾಲದೆ ಅಂಗಳಕ್ಕೆ ಓಡಿದ್ದ. ನಾನು "ಇಲ್ಲ" ಎಂದೆ.

ಆ "ಇಲ್ಲ" ಸುಳ್ಳೋ ಅಲ್ಲವೋ ನನಗೆ ಇವತ್ತಿಗೂ ತೀರ್ಮಾನವಾಗಿಲ್ಲ.

ನಮ್ಮ ಮನೆ ಹೊನ್ನಾವರದ ಹತ್ತಿರ, ತವರು ಭಟ್ಕಳ. ತವರಿನಲ್ಲಿ ನಾನು ಹೇಳುತ್ತಿದ್ದದ್ದೇ ಬೇರೆ. "ಮಾತು ಸ್ವಲ್ಪ ತಡ ಅಷ್ಟೇ, ಅವನ ಮಾವನೂ ಹಾಗೇ ಇದ್ದ." ಮದುವೆಮನೆಯಲ್ಲಿ ಯಾರಾದರೂ ಹೆಸರು ಕೇಳಿದರೆ ಅವನ ಬದಲು ನಾನೇ ಉತ್ತರಿಸಿ, ನಾಚಿಕೆ ಜಾಸ್ತಿ ಎಂದು ನಗುತ್ತಿದ್ದೆ. ಹೆದ್ದಾರಿ 66ರಲ್ಲಿ ಭಟ್ಕಳದಿಂದ ಕುಮಟಾಕ್ಕೆ ಸುಮಾರು 60 ಕಿಲೋಮೀಟರು. ದಕ್ಷಿಣಕ್ಕೆ ಹೋದಾಗ ಮಗನನ್ನು ಹಿಗ್ಗಿಸಿದೆ, ಉತ್ತರಕ್ಕೆ ಬಂದಾಗ ಕುಗ್ಗಿಸಿದೆ.

ಕುಗ್ಗಿಸಲು ಕಾರಣವಿತ್ತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ವೈಕಲ್ಯಗಳನ್ನು ಗುರುತಿಸುತ್ತದೆ. 1995ರ ಕಾಯ್ದೆಯಲ್ಲಿ ಇದ್ದದ್ದು ಏಳು. 6ರಿಂದ 18 ವರ್ಷದವರೆಗೆ ನೆರೆಯ ಶಾಲೆಯಲ್ಲೋ, ಬೇಕೆಂದರೆ ವಿಶೇಷ ಶಾಲೆಯಲ್ಲೋ ಉಚಿತವಾಗಿ ಕಲಿಯುವ ಹಕ್ಕನ್ನು ಅದರ 31ನೇ ಕಲಂ ಕೊಡುತ್ತದೆ, ಆದರೆ ವೈಕಲ್ಯ ನೂರಕ್ಕೆ 40 ಅಥವಾ ಹೆಚ್ಚಿರಬೇಕು. ಮಗನ ಶಾಲೆಯಲ್ಲೂ ಅದೇ ಮಾತು: ಕಾರ್ಡು ತನ್ನಿ, ಆಮೇಲೆ ನೋಡೋಣ. ಅದೇ ಕಾಯ್ದೆಯ 16ನೇ ಕಲಂನಲ್ಲಿ ಈ 40 ಇಲ್ಲ. ತಾರತಮ್ಯ ಮಾಡದೆ ಸೇರಿಸಿಕೊಳ್ಳಬೇಕು, ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು ಎಂದಿದೆ. ಇದು ನನಗೆ ಗೊತ್ತಾದದ್ದು ತಡವಾಗಿ.

ಗೊತ್ತಿದ್ದರೂ ಏನಾಗುತ್ತಿತ್ತೋ. ಸಮಗ್ರ ಶಿಕ್ಷಣದಡಿ ತಾಲ್ಲೂಕಿಗೆ ಇರುವ ಸಂಪನ್ಮೂಲ ಶಿಕ್ಷಕರು ಶಾಲೆಯಿಂದ ಶಾಲೆಗೆ ಸುತ್ತಬೇಕು, ಹೊರಗೆ ಬರಲಾಗದ ಮಕ್ಕಳ ಮನೆಗೂ ಹೋಗಬೇಕು. ನನ್ನ ಮಗನಿಗೆ ಒಂದು ಬುಧವಾರ ಸಿಕ್ಕಿತೆಂದರೆ ಗೇರುಸೊಪ್ಪದ ಕಡೆ ಯಾವುದೋ ಮಗುವಿಗೆ ಆ ಬುಧವಾರ ಇಲ್ಲ. ಆ ಮಗುವಿನ ತಾಯಿ "ಎರಡು ಗುಂಡಿ ಹಾಕ್ತಾನೆ" ಎಂದು ಇದ್ದದ್ದನ್ನೇ ಹೇಳಿರಬಹುದು.

ಗುಂಡಿಯ ಪ್ರಶ್ನೆ ಹಳೆಯದು. ಸಾಮಾಜಿಕ ಪ್ರೌಢಿಮೆ ಅಳೆಯುವ ವೈನ್‌ಲ್ಯಾಂಡ್ ಮಾಪಕವನ್ನು ಅಮೆರಿಕದ ಎಡ್ಗರ್ ಡಾಲ್ 1935ರಲ್ಲಿ ಪ್ರಕಟಿಸಿದ. ಅದರ ಭಾರತೀಯ ರೂಪ ನಮ್ಮಲ್ಲಿ ಬಳಕೆಯಲ್ಲಿದೆ. ಅದು ಮಗುವನ್ನು ಪರೀಕ್ಷಿಸುವುದಿಲ್ಲ, ಮಗುವನ್ನು ಬಲ್ಲವರನ್ನು ಕೇಳುತ್ತದೆ. ಮನೆಯಲ್ಲಿ ಕೊಂಕಣಿ ಕೇಳಿ ಬೆಳೆದ ಮಗುವಿಗೆ ಅಪರಿಚಿತರು ಕನ್ನಡದಲ್ಲಿ ಪ್ರಶ್ನೆ ಹಾಕುವುದಕ್ಕಿಂತ ಇದು ಎಷ್ಟೋ ಮೇಲು. ಆದರೆ ಅಲ್ಲಿ ತಾಯಿಯೇ ಸಾಕ್ಷಿ, ತಾಯಿಯೇ ಅರ್ಜಿದಾರಳು.

ಆಮೇಲೆ ಒಂದು ವಾದ ಕಟ್ಟಿಕೊಂಡೆ. ಅವಸರವಿಲ್ಲದ ಬೆಳಿಗ್ಗೆ, ನಾನು ಎದುರು ಕೂತರೆ ಅವನಿಗೆ ಗುಂಡಿ ಹಾಕಲು ಬರುತ್ತದೆ. ತರಗತಿಯ ಗದ್ದಲದಲ್ಲಿ, ಗಂಟೆ ಹೊಡೆದ ಮೇಲೆ ಬರುವುದಿಲ್ಲ. ಹಾಗಾಗಿ ಶಾಲೆಯ ಮಟ್ಟಿಗೆ ನನ್ನ "ಇಲ್ಲ" ನಿಜವೇ. ವಾದದಲ್ಲಿ ಹುರುಳಿದೆ. ಮಗುವಿಗೆ ಏನು ಬರುತ್ತದೆ ಎಂಬುದು ಸುತ್ತಲಿನವರು ಎಷ್ಟು ಹೊತ್ತು ಕಾಯುತ್ತಾರೆ ಎಂಬುದರ ಮೇಲೂ ಇದೆ. ಆದರೆ ಆ ಕೋಣೆಯಲ್ಲಿ ನಾನು ಇದ್ಯಾವುದನ್ನೂ ಯೋಚಿಸಿರಲಿಲ್ಲ. ತಲೆಯಲ್ಲಿ ಇದ್ದದ್ದು 40 ಒಂದೇ.

ಭಟ್ಕಳದ ಸುಳ್ಳು ಅವನ ಎರಡು ವರ್ಷ ತಿಂದಿತು, ಕುಮಟಾದ್ದು ಬುಧವಾರಗಳನ್ನು ಕೊಟ್ಟಿತು. ಲಾಭನಷ್ಟದ ಲೆಕ್ಕ ಹಾಕಿದರೆ ನಾಚಿಕೆಪಡಬೇಕಾದದ್ದು ಮೊದಲನೆಯದಕ್ಕೆ. ಹಾಗಿದ್ದೂ ರಾತ್ರಿ ನೆನಪಾಗಿ ಎಚ್ಚರವಾಗುವುದು ಎರಡನೆಯದು.

ಅವನಿಗೆ ಮಾತು ಕಡಿಮೆ, ಕಿವಿ ಚುರುಕು. ನಾನು "ಇಲ್ಲ" ಎಂದದ್ದೇ ತಡ, ಅಂಗಿಯ ಮೇಲಿನ ಗುಂಡಿ ಎಳೆದು ಬಿಚ್ಚಿದ. ತಲೆ ತಗ್ಗಿಸಿ, ನಾಲಿಗೆ ತುದಿ ಹೊರಗೆ ಹಾಕಿ, ಮತ್ತೆ ಹಾಕತೊಡಗಿದ. ವೈದ್ಯರು ಬರೆಯುತ್ತಿದ್ದರು, ತಲೆ ಎತ್ತಲಿಲ್ಲ. ನಾನು ಅವನ ಕೈ ಹಿಡಿದುಕೊಂಡೆ. ಬಿಡಿಸಿಕೊಳ್ಳಲು ನೋಡಿದ. ಮುಂದಿನ ಪ್ರಶ್ನೆ ಬರುವವರೆಗೂ ಹಿಡಿದೇ ಇದ್ದೆ.