ಸೋತೆತ್ತಿನ ಬಾಲ

‘ಗೆದ್ದೆತ್ತಿನ ಬಾಲ ಹಿಡಿ’ ಎಂಬ ಗಾದೆ ನಮ್ಮಲ್ಲಿ ಎರಡು ದನಿಯಲ್ಲಿ ಕೇಳಿಬರುತ್ತದೆ. ಮನೆಯ ಹಿರಿಯರು ಹೇಳಿದರೆ ಅದು ಬುದ್ಧಿಮಾತು: ಯಾರ ಕೈ ಮೇಲಾಗಿದೆಯೋ ಅವರ ಜೊತೆಗಿರು, ಇಲ್ಲದ ಉಸಾಬರಿಗೆ ಹೋಗಿ ಕೆಡಬೇಡ. ಚುನಾವಣೆಯ ಫಲಿತಾಂಶ ಬಂದ ಮಾರನೇ ದಿನ ಶಾಲಿನ ಬಣ್ಣ ಬದಲಾಯಿಸಿದ ಮುಖಂಡನನ್ನು ಕಂಡು ಕಟ್ಟೆಯ ಮೇಲೆ ಕೂತವರು ಹೇಳಿದರೆ ಅದೇ ಮಾತು ಬೈಗುಳ. ಕೇಳಲು ಎರಡೂ ವಿರುದ್ಧ ಅನಿಸಿದರೂ ಅಡಿಯಲ್ಲಿರುವ ಲೆಕ್ಕ ಒಂದೇ. ಎತ್ತು ಗೆದ್ದರೆ ಬಾಲ ಹಿಡಿದವನಿಗೂ ಒಂದು ಪಾಲು ಬರುತ್ತದೆ. ಗುತ್ತಿಗೆಯೋ, ನಿಗಮದ ಅಧ್ಯಕ್ಷಗಿರಿಯೋ, ಬೇಕಾದ ಊರಿಗೆ ವರ್ಗಾವಣೆಯೋ. ಬುದ್ಧಿ ಹೇಳುವವನು ಆ ಪಾಲನ್ನು ಬಿಡಬೇಡ ಅನ್ನುತ್ತಾನೆ, ಬೈಯುವವನು ಆ ಪಾಲಿಗಾಗಿ ಮಾನ ಬಿಟ್ಟ ಅನ್ನುತ್ತಾನೆ. ಪಾಲು ಇದ್ದೇ ಇದೆ ಎಂಬುದರಲ್ಲಿ ಇಬ್ಬರಿಗೂ ಅನುಮಾನವಿಲ್ಲ. ಗೆಲ್ಲದ ಎತ್ತಿನ ಬಾಲವನ್ನು ವರ್ಷಗಟ್ಟಲೆ ಬಿಡದೆ ಹಿಡಿದವನೊಬ್ಬ ಇರಬಹುದೆಂದು ಮಾತ್ರ ಗಾದೆ ಎಣಿಸಿಯೇ ಇಲ್ಲ.

ಅಂಥವರು ಕರ್ನಾಟಕದಲ್ಲಿ ಲಕ್ಷಗಟ್ಟಲೆ ಇದ್ದಾರೆ: ಐಪಿಎಲ್ ಕ್ರಿಕೆಟ್ಟಿನ ಬೆಂಗಳೂರು ತಂಡ ಆರ್‌ಸಿಬಿಯ ಅಭಿಮಾನಿಗಳು. 2008ರ ಏಪ್ರಿಲ್ 18ರಂದು ಐಪಿಎಲ್‌ನ ಮೊಟ್ಟಮೊದಲ ಪಂದ್ಯ ನಡೆದದ್ದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಕೋಲ್ಕತ್ತದ ಬ್ರೆಂಡನ್ ಮೆಕಲಂ ಒಬ್ಬನೇ ಔಟಾಗದೆ 158 ರನ್ ಹೊಡೆದ. ಆರ್‌ಸಿಬಿ ಇಡೀ ತಂಡವಾಗಿ 82ಕ್ಕೆ ಮುಗಿಯಿತು, 140 ರನ್‌ಗಳ ಸೋಲು. ಮರುವರ್ಷ ಜೊಹಾನ್ಸ್‌ಬರ್ಗ್‌ನ ಫೈನಲ್‌ನಲ್ಲಿ ಅನಿಲ್ ಕುಂಬ್ಳೆ 16 ರನ್ನಿಗೆ ನಾಲ್ಕು ವಿಕೆಟ್ ಕಿತ್ತರೂ ತಂಡ ಡೆಕ್ಕನ್ ಚಾರ್ಜರ್ಸ್ ಎದುರು ಆರು ರನ್‌ಗಳಿಂದ ಸೋತಿತು. ಆ ಡೆಕ್ಕನ್ನಾದರೋ ಹಿಂದಿನ ವರ್ಷ ಪಟ್ಟಿಯ ಕೊನೆಯಲ್ಲಿದ್ದ ತಂಡ. 2011ರ ಫೈನಲ್ಲೂ ಸೋಲೇ. 2016ರಲ್ಲಿ ವಿರಾಟ್ ಕೊಹ್ಲಿ ಒಂದೇ ಋತುವಿನಲ್ಲಿ 973 ರನ್ ಗಳಿಸಿದ್ದರು, ಫೈನಲ್ ಇದ್ದದ್ದು ತವರಿನಲ್ಲೇ, ಬೆನ್ನಟ್ಟುವಾಗ ಮೊದಲ ವಿಕೆಟ್ಟಿಗೇ 114 ರನ್ ಬಂದಿತ್ತು. ಅಲ್ಲಿಂದ ಸೋಲುವುದಕ್ಕೂ ಒಂದು ಪ್ರತಿಭೆ ಬೇಕು. ಸೋಲು ಬಂದದ್ದು ಎಂಟು ರನ್‌ಗಳಿಂದ. ಮರುವರ್ಷ ಈಡನ್ ಗಾರ್ಡನ್ಸ್‌ನಲ್ಲಿ 49ಕ್ಕೆ ಆಲೌಟ್, ಋತು ಮುಗಿದಾಗ ಕೊನೆಯ ಸ್ಥಾನ. 2019ರಲ್ಲಿ ಮೊದಲ ಆರು ಪಂದ್ಯ ಸಾಲಾಗಿ ಸೋತು ಮತ್ತೆ ಕೊನೆಯ ಸ್ಥಾನ. ಹೀಗೆ ಹದಿನೇಳು ಋತುಗಳು ಹೋದವು. ಆದರೂ ಪ್ರತಿ ಬೇಸಿಗೆಯೂ ಗ್ಯಾಲರಿ ಕೆಂಪಾಗುತ್ತಿತ್ತು, ‘ಈ ಸಲ ಕಪ್ ನಮ್ದೇ’ ಎಂಬ ಫಲಕ ಏಳುತ್ತಿತ್ತು. 2023ರಲ್ಲಿ ನಾಯಕ ಫಾಫ್ ಡು ಪ್ಲೆಸಿ ಆ ಘೋಷಣೆ ಹೇಳಲು ಹೋಗಿ ‘ಈ ಸಲ ಕಪ್ ನಹೀ’ ಅಂದುಬಿಟ್ಟಾಗ ಮೊದಲು ನಕ್ಕವರೂ ಈ ಅಭಿಮಾನಿಗಳೇ.

ಗಾದೆ ಹೇಳುವ ಮನುಷ್ಯ ಸುಳ್ಳೇನಲ್ಲ. ಅವನನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲೇ ಅಳೆದು ತೋರಿಸಿದರು. ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡ ಶನಿವಾರ ಗೆದ್ದರೆ ಸೋಮವಾರ ತರಗತಿಗೆ ತಂಡದ ಹೆಸರಿನ ಅಂಗಿ ತೊಟ್ಟು ಬರುವವರ ಸಂಖ್ಯೆ ಏರುತ್ತಿತ್ತು. ಗೆದ್ದ ಪಂದ್ಯದ ಬಗ್ಗೆ ವಿದ್ಯಾರ್ಥಿಗಳು ‘ನಾವು ಗೆದ್ದೆವು’ ಅನ್ನುತ್ತಿದ್ದರು, ಸೋತರೆ ‘ಅವರು ಸೋತರು’. ಬಾಲ ಹಿಡಿಯುವುದೆಂದರೆ ಇದೇ. ಅದಕ್ಕೆ ಎತ್ತೂ ಬೇಕಿಲ್ಲ, ಗುತ್ತಿಗೆಯೂ ಬೇಕಿಲ್ಲ. ಬೇರೆಯವರ ಗೆಲುವಿನ ಬಿಸಿಲಲ್ಲಿ ಸ್ವಲ್ಪ ಮೈ ಕಾಯಿಸಿಕೊಂಡರೆ ಸಾಕು. ಹಾಗಾದರೆ ಸೋಮವಾರವೂ ಸೋತ ತಂಡದ ಅಂಗಿ ತೊಟ್ಟವನ ಕಥೆ ಏನು? ಸಾಮಾನ್ಯವಾಗಿ ಸಿಗುವ ಉತ್ತರ ಎರಡು. ಅವನು ಮುಂದೊಂದು ದಿನ ಬರುವ ಗೆಲುವಿಗಾಗಿ ಕಾಯುತ್ತಿದ್ದಾನೆ ಎಂಬುದು ಒಂದು. ಇಷ್ಟು ವರ್ಷ ಹಾಕಿದ ಆಸೆಯನ್ನು ಈಗ ಬಿಟ್ಟರೆ ಎಲ್ಲವೂ ವ್ಯರ್ಥವಾಗುತ್ತದಲ್ಲ ಎಂಬ ಹಟ ಎಂಬುದು ಇನ್ನೊಂದು. ಎರಡೂ ಅವನನ್ನು ಮತ್ತೆ ಅದೇ ಲೆಕ್ಕದ ಪುಸ್ತಕಕ್ಕೆ ಎಳೆಯುತ್ತವೆ: ತಡವಾಗಿ ಪಾಲು ಕೇಳುವವನು, ಅಥವಾ ಪಾಲು ಬಾರದ ಸಾಲಗಾರ.

ಈ ಉತ್ತರಗಳು ಸಾಲವು. ಪ್ರೇಕ್ಷಕನಿಗೆ ಪಾಲು ಎಂಬುದೇ ಇಲ್ಲ. ಕಪ್ ಬಂದರೆ ಬಹುಮಾನದ ಹಣ ಆಟಗಾರರಿಗೂ ಮಾಲೀಕರಿಗೂ ಹೋಗುತ್ತದೆ. ಅವನು ಟಿಕೆಟ್ಟಿಗೆ ಕೊಟ್ಟ ದುಡ್ಡು ವಾಪಸ್ಸೇನೂ ಬರುವುದಿಲ್ಲ. ಗೆಲುವಿಗಾಗಿಯೇ ಕಾಯುವವನಾದರೆ ಚೆನ್ನೈಗೋ ಮುಂಬೈಗೋ ಜೈ ಅಂದರೆ ಮುಗಿಯಿತು, ತಂಡ ಬದಲಾಯಿಸಲು ದಂಡವಿಲ್ಲ, ಕಾನೂನಿಲ್ಲ. ಇಷ್ಟು ಸುಲಭದ ದಾರಿಯನ್ನು ಬಿಟ್ಟು ಅವನು ನಿಂತಿದ್ದಾನೆ ಎಂದರೆ ಅವನಿಗೆ ಬೇಕಾದದ್ದು ಎತ್ತಿನಿಂದ ಬರುತ್ತಿಲ್ಲ, ಅದೇ ಬಾಲವನ್ನು ಪಕ್ಕದಲ್ಲಿ ಹಿಡಿದು ನಿಂತವನಿಂದ ಬರುತ್ತಿದೆ ಎಂದೇ ತಿಳಿಯಬೇಕು. ಗೆದ್ದ ರಾತ್ರಿ ಯಾರು ಬೇಕಾದರೂ ಪಕ್ಕದಲ್ಲಿ ಬಂದು ಕುಣಿಯುತ್ತಾರೆ, ಅವರಲ್ಲಿ ತನ್ನವರು ಯಾರೆಂದು ತಿಳಿಯುವ ಬಗೆಯಿಲ್ಲ. 49ಕ್ಕೆ ಆಲೌಟಾದ ರಾತ್ರಿ ಉಳಿದವರು ಯಾರೆಂಬುದು ಸ್ಪಷ್ಟ. ಸೋಲು ತಂಡಕ್ಕೆ ಏನು ಕಲಿಸಿತೋ ಗೊತ್ತಿಲ್ಲ, ‘ಸೋಲೇ ಗೆಲುವಿನ ಮೆಟ್ಟಿಲು’ ಎಂಬ ಗಾದೆಯನ್ನು ಬಹುಮಾನ ವಿತರಣೆಯ ಭಾಷಣಕಾರರಿಗೇ ಬಿಡೋಣ. ಆದರೆ ಆ ಸೋಲು ಅಭಿಮಾನಿಗಳಿಗೆ ಒಂದು ಬಳಗವನ್ನು ಕಟ್ಟಿಕೊಟ್ಟಿತು. ಏಪ್ರಿಲ್ ಕೊನೆಗೆ ಕ್ಯಾಲ್ಕುಲೇಟರ್ ಹಿಡಿದು ‘ಇವರು ಅವರನ್ನು ಸೋಲಿಸಿ, ಅವರು ಇವರನ್ನು ಸೋಲಿಸಿ, ರನ್‌ರೇಟ್ ಇಷ್ಟಾದರೆ ಪ್ಲೇಆಫ್’ ಎಂದು ಲೆಕ್ಕ ಹಾಕುವ ತಮಾಷೆ ಆ ಬಳಗದ ಆಡುಮಾತು. ಗೆಲ್ಲುವ ತಂಡದವರಿಗೆ ಆ ಲೆಕ್ಕದ ಅಗತ್ಯವೇ ಬೀಳುವುದಿಲ್ಲ, ಹಾಗಾಗಿ ಆ ನಗುವೂ ಇಲ್ಲ.

ಇದು ಬೆಂಗಳೂರಿಗರು ತಮ್ಮನ್ನು ತಾವು ಸಮಾಧಾನ ಮಾಡಿಕೊಳ್ಳಲು ಹೆಣೆದ ಮಾತು ಅನ್ನುವವರಿಗೆ ಹೊರಗಿನ ಸಾಕ್ಷಿಯೂ ಇದೆ. ಮಾರ್ಥಾ ನ್ಯೂಸನ್, ಹಾರ್ವಿ ವೈಟ್‌ಹೌಸ್ ಮೊದಲಾದವರು ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಭಿಮಾನಿಗಳನ್ನು ಅಧ್ಯಯನ ಮಾಡಿ 2021ರಲ್ಲಿ ಪ್ರಕಟಿಸಿದ ಬರಹದಲ್ಲಿ, ಸದಾ ಗೆಲ್ಲುವ ದೊಡ್ಡ ಕ್ಲಬ್‌ಗಳಿಗಿಂತ ಸಂಡರ್ಲೆಂಡ್, ಹಲ್‌ನಂಥ ಸೋಲುವ ಕ್ಲಬ್‌ಗಳ ಅಭಿಮಾನಿಗಳಲ್ಲೇ ಪರಸ್ಪರ ನಂಟು ಹೆಚ್ಚು ಗಟ್ಟಿ ಎಂದು ಕಂಡುಕೊಂಡರು. ಗಾದೆಗೆ ಇನ್ನೂ ಹತ್ತಿರದ ನಿದರ್ಶನ ಜಪಾನಿನದು. ಅಲ್ಲಿನ ಕೋಚಿ ಎಂಬಲ್ಲಿ ಹಾರು ಉರಾರಾ ಎಂಬ ಹೆಣ್ಣು ಕುದುರೆಯೊಂದಿತ್ತು. 1998ರಿಂದ 2004ರವರೆಗೆ 113 ಓಟ ಓಡಿತು, ಒಂದನ್ನೂ ಗೆಲ್ಲಲಿಲ್ಲ. ಸೋಲು ನೂರರ ಹತ್ತಿರ ಬಂದ ಹಾಗೆ ದೇಶವೇ ಅದರ ಹಿಂದೆ ಬಿತ್ತು. 2004ರ ಮಾರ್ಚ್ 22ರಂದು ಜಪಾನಿನ ಅತ್ಯಂತ ಹೆಸರಾಂತ ಜಾಕಿ ಯುಟಕ ಟಕೆ ಅದನ್ನು ಏರಿದಾಗ ಆ ಸಣ್ಣ ಮೈದಾನಕ್ಕೆ ಸುಮಾರು 13,000 ಜನ ಬಂದಿದ್ದರು. ಹನ್ನೊಂದು ಕುದುರೆಗಳಲ್ಲಿ ಅದು ಹತ್ತನೆಯದಾಗಿ ಬಂತು. ಅದರ ಮೇಲೆ ಕಟ್ಟಿದ, ದುಡ್ಡು ಬರುವುದೇ ಇಲ್ಲವೆಂದು ಗೊತ್ತಿದ್ದ ಟಿಕೆಟ್ಟನ್ನು ಜನ ಅಪಘಾತವಾಗದಿರಲೆಂದು ತಾಯತದಂತೆ ಇಟ್ಟುಕೊಂಡರು. ಸಾಲದಲ್ಲಿ ಮುಚ್ಚುವ ಸ್ಥಿತಿಯಲ್ಲಿದ್ದ ಕೋಚಿಯ ಮೈದಾನ ಅದರಿಂದ ಉಸಿರಾಡಿತು. ಬಾಜಿ ಕಟ್ಟುವ ಜಾಗದಲ್ಲೇ, ಲಾಭದ ಲೆಕ್ಕಕ್ಕಾಗಿಯೇ ಇರುವ ಜಾಗದಲ್ಲೇ, ಜನ ಸೋತ ಪ್ರಾಣಿಯ ಬಾಲ ಹಿಡಿದರು.

ಇನ್ನು ಆಕ್ಷೇಪಗಳು. ಎಲ್ಲಕ್ಕಿಂತ ಚುಚ್ಚುವ ಆಕ್ಷೇಪ ಕರ್ನಾಟಕದ ಒಳಗಿನದೇ. ಇದು ನಿಷ್ಠೆಯಾದರೆ ರಾಜ್ಯದ ರಣಜಿ ತಂಡಕ್ಕೆ ಏಕಿಲ್ಲ? ಆ ತಂಡದ ಚರಿತ್ರೆ ಆರ್‌ಸಿಬಿಗಿಂತ ಎಷ್ಟೋ ಪಾಲು ಮಿಗಿಲು. 1934ರಲ್ಲಿ ರಣಜಿಯ ಮೊದಲ ಪಂದ್ಯವಾಡಿದ ಮೈಸೂರು ತಂಡ ಮದ್ರಾಸಿನ ಚೆಪಾಕ್‌ನಲ್ಲಿ 48 ಮತ್ತು 59ಕ್ಕೆ ಉರುಳಿ ಒಂದೇ ದಿನದಲ್ಲಿ ಸೋತಿತು. 1941-42 ಮತ್ತು 1959-60ರ ಫೈನಲ್‌ಗಳಲ್ಲಿ ಬಾಂಬೆ ಎದುರು ಸೋತಿತು. ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಾದ ಋತುವಿನಲ್ಲೇ, 1974ರ ಮಾರ್ಚ್‌ನಲ್ಲಿ, ಎರಾಪಳ್ಳಿ ಪ್ರಸನ್ನ ಅವರ ನಾಯಕತ್ವದಲ್ಲಿ, ಹದಿನೈದು ವರ್ಷ ಸತತವಾಗಿ ಕಪ್ ಎತ್ತಿದ್ದ ಬಾಂಬೆಯನ್ನು ಬೆಂಗಳೂರಿನ ಸೆಮಿಫೈನಲ್‌ನಲ್ಲಿ ತಡೆದು, ಜೈಪುರದಲ್ಲಿ ರಾಜಸ್ಥಾನವನ್ನು ಮಣಿಸಿ ಟ್ರೋಫಿ ತಂದಿತು. ಸುಮಾರು ನಾಲ್ಕು ದಶಕದ ಕಾಯುವಿಕೆ ಅದು, ಹದಿನೇಳು ವರ್ಷದ್ದಲ್ಲ. ಅಲ್ಲಿಂದ 2015ರವರೆಗೆ ಎಂಟು ಸಲ ಗೆದ್ದಿದೆ, ಆಡುವವರು ಬಹುಪಾಲು ನಮ್ಮ ಹುಡುಗರೇ. ಆದರೂ ರಣಜಿ ಪಂದ್ಯದ ದಿನ ಗ್ಯಾಲರಿಯಲ್ಲಿ ಕೂತವರನ್ನು ಎಣಿಸಬಹುದು. ಹಾಗಾಗಿ ಆರ್‌ಸಿಬಿಯ ಅಭಿಮಾನ ನೆಲದ ಮೇಲಿನ ಪ್ರೀತಿ ಎಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ಟೀವಿ, ಬೆಳಕು, ಸಂಜೆ ಏಳೂವರೆಯ ಹೊತ್ತು, ದೊಡ್ಡ ಹೆಸರುಗಳು ಇವೆಲ್ಲ ಸೇರಿವೆ, ಒಪ್ಪೋಣ. ಆದರೆ ಈ ಆಕ್ಷೇಪ ಗೆದ್ದೆತ್ತಿನ ಲೆಕ್ಕವನ್ನು ಉಳಿಸುವ ಬದಲು ಇನ್ನೂ ಕೆಡಿಸುತ್ತದೆ. ನಮ್ಮದೇ ಎತ್ತು ಎಂಟು ಸಲ ಗೆದ್ದರೂ ಬಾಲ ಹಿಡಿಯುವವರಿಲ್ಲ, ಸೋಲುತ್ತಿದ್ದ ಎತ್ತಿಗೆ ಜನವೋ ಜನ. ನಾಲ್ಕು ದಿನ ಕಚೇರಿಯ ಹೊತ್ತಿನಲ್ಲಿ ನಡೆಯುವ ಆಟವನ್ನು ಊರೆಲ್ಲ ಕೂಡಿ ನೋಡಲಾಗುವುದಿಲ್ಲ. ರಾತ್ರಿ ಮೂರೂವರೆ ತಾಸಿನಲ್ಲಿ ಮುಗಿಯುವ ಆಟವನ್ನು ನೋಡಬಹುದು. ಕೂಡಿ ನೋಡುವುದು ಎಲ್ಲಿ ಸಾಧ್ಯವೋ ನಂಟು ಅಲ್ಲಿ ಬೆಳೆಯಿತು. ರಣಜಿಯ ಮಟ್ಟಿಗೆ ಇದು ಬೇಸರದ ಸಂಗತಿ.

ಎರಡನೆಯ ಆಕ್ಷೇಪ ಹಳೆಯದು: ಹರಾಜಿನಲ್ಲಿ ಕೊಂಡ ಆಟಗಾರರು, ಮದ್ಯದ ಕಂಪನಿ ಕಟ್ಟಿದ ತಂಡ, ಇದರಲ್ಲಿ ‘ನಮ್ಮದು’ ಏನಿದೆ? 2025ರ ಫೈನಲ್‌ನಲ್ಲಿ ಆರ್‌ಸಿಬಿ ಪರ ಆಡಿದವರಲ್ಲಿ ಕರ್ನಾಟಕದವರು ಮಯಂಕ್ ಅಗರ್ವಾಲ್ ಒಬ್ಬರೇ. ಈ ಮಾತಿಗೆ ಹೆಚ್ಚು ಹೊತ್ತು ಕೊಡಬೇಕಾಗಿಲ್ಲ. ಹನ್ನೊಂದು ಮಂದಿ ಎಲ್ಲಿಂದ ಬಂದರು ಎಂಬುದರಿಂದ ತಂಡ ನಮ್ಮದಾಗುವುದಾದರೆ ಪ್ರತಿ ಹರಾಜಿನ ಮಾರನೇ ದಿನ ಅಭಿಮಾನಿಗಳು ಮತ್ತೆ ಎಣಿಸಿ ಲೆಕ್ಕ ಹಾಕಬೇಕಾಗುತ್ತಿತ್ತು. ಹಾಗಾಗುತ್ತಿಲ್ಲ. ಆಟಗಾರರು ಬಂದು ಹೋಗುತ್ತಾರೆ, ಮಾಲೀಕರೂ ಅಷ್ಟೇ. ಮೊದಲಿನಿಂದ ಇರುವವರು ನೋಡುಗರು. ಕೊಹ್ಲಿ 2008ರಿಂದ ಕದಲದೆ ಇದ್ದುದೇ ಅವರನ್ನು ಇಷ್ಟು ಹಚ್ಚಿಕೊಳ್ಳಲು ಕಾರಣವಾಯಿತು. ದೆಹಲಿಯಲ್ಲಿ ಹುಟ್ಟಿದ ಆಟಗಾರ ಅಭಿಮಾನಿಗಳ ಸಾಲಿಗೆ ಸೇರಿಕೊಂಡದ್ದು ಗೆದ್ದದ್ದಕ್ಕಲ್ಲ, ಅವರ ಹಾಗೆಯೇ ಹದಿನೇಳು ಸಲ ಬರಿಗೈಯಲ್ಲಿ ಮನೆಗೆ ಹೋದದ್ದಕ್ಕೆ.

ಮೂರನೆಯದು ವ್ಯವಹಾರಸ್ಥರ ಆಕ್ಷೇಪ, ಇದರಲ್ಲಿ ತೂಕವಿದೆ. ಸೋತರೂ ಗ್ಯಾಲರಿ ತುಂಬುತ್ತದೆಂದರೆ ತಂಡವನ್ನು ಸರಿಪಡಿಸುವ ಅಗತ್ಯ ಮಾಲೀಕನಿಗೇಕೆ? ಬಾಲ ಬಿಡದವರೇ ಎತ್ತನ್ನು ಸೋಮಾರಿ ಮಾಡಿದರು ಎನ್ನುವುದು ವಾದ. ಆದರೆ ಬಾಲ ಬಿಟ್ಟಿದ್ದರೆ ಏನಾಗುತ್ತಿತ್ತು? ಐಪಿಎಲ್‌ನ 2023ರಿಂದ 2027ರವರೆಗಿನ ಪ್ರಸಾರದ ಹಕ್ಕು ಮಾರಾಟವಾದದ್ದು ₹48,390 ಕೋಟಿಗೆ, ಅದರ ದೊಡ್ಡ ಪಾಲು ತಂಡಗಳಿಗೆ ಹಂಚಿಕೆಯಾಗುತ್ತದೆ. ಒಂದು ಗ್ಯಾಲರಿ ಖಾಲಿಯಾದರೆ ಆ ಹೊಳೆ ಬತ್ತುವುದಿಲ್ಲ. ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ಸಂಸ್ಥೆಗಳ ಕುಸಿತದ ಬಗ್ಗೆ ಬರೆದಾಗ ಇದೇ ಗಂಟನ್ನು ಬಿಡಿಸಿದ್ದರು: ಕೆಡುತ್ತಿರುವ ಸಂಸ್ಥೆಯನ್ನು ಬಿಟ್ಟು ಹೋಗುವುದು ಒಂದು ದಾರಿ, ಒಳಗಿದ್ದು ದನಿ ಎತ್ತುವುದು ಇನ್ನೊಂದು, ನಿಷ್ಠೆ ಇರುವವನು ಬೇಗ ಬಿಟ್ಟು ಹೋಗುವುದಿಲ್ಲವಾದ್ದರಿಂದ ಅವನು ದನಿ ಎತ್ತುವ ಸಂಭವ ಹೆಚ್ಚು. ಆರ್‌ಸಿಬಿಯ ಬೌಲಿಂಗನ್ನು ಆರ್‌ಸಿಬಿಯ ಅಭಿಮಾನಿಗಳಷ್ಟು ಬೈದವರು ಇನ್ಯಾರೂ ಇಲ್ಲ. ಬ್ಯಾಟರ್‌ಗಳಿಗೆ ದುಡ್ಡು ಸುರಿದು ಬೌಲರ್‌ಗಳನ್ನು ಮರೆಯುತ್ತೀರಿ ಎಂದು ಪ್ರತಿ ಹರಾಜಿನ ದಿನವೂ ಅವರೇ ಕೂಗಿದ್ದು; 2025ರ ಫೈನಲ್‌ನ ಪಂದ್ಯಶ್ರೇಷ್ಠ ಪ್ರಶಸ್ತಿ ಹೋದದ್ದು ನಾಲ್ಕು ಓವರಿನಲ್ಲಿ 17 ರನ್ ಕೊಟ್ಟು ಎರಡು ವಿಕೆಟ್ ಕಿತ್ತ ಕೃಣಾಲ್ ಪಾಂಡ್ಯಗೆ. ಕೂಗು ಕೇಳಿಯೇ ಮಾಲೀಕರು ಬದಲಾದರು ಎಂದು ಹೇಳಲು ಆಧಾರವಿಲ್ಲ. ಬಿಟ್ಟು ಹೋದವನಿಗೆ ಬೈಯುವ ಹಕ್ಕೂ ಆಸಕ್ತಿಯೂ ಉಳಿಯುವುದಿಲ್ಲ ಎಂಬುದಂತೂ ನಿಜ.

ಈ ನಿಷ್ಠೆಯನ್ನು ಪುಣ್ಯವೆಂದು ಕೊಂಡಾಡುವವರ ಜೊತೆಗೂ ನನ್ನ ತಕರಾರಿದೆ. ಎದುರಾಳಿ ಆಟಗಾರನ ಮನೆಯವರನ್ನು ಫೋನಿನಲ್ಲಿ ಕೂತು ನಿಂದಿಸುವವರಲ್ಲೂ ಇದೇ ಅಂಗಿ ತೊಟ್ಟವರಿದ್ದಾರೆ. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬನ್ನು ಆರು ರನ್‌ಗಳಿಂದ ಸೋಲಿಸಿ ತಂಡ ಕಪ್ ಗೆದ್ದಿತು. ಮರುದಿನವೇ ಚಿನ್ನಸ್ವಾಮಿಯ ಬಳಿ ಸಂಭ್ರಮಕ್ಕೆ ಸೇರಿದ ಜನಸಾಗರದ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಹದಿನೇಳು ಸೋಲಿನ ನಂತರ ಎಷ್ಟು ಜನ ಬರಬಹುದೆಂದು ಯಾರಿಗಾದರೂ ತಿಳಿಯಬಹುದಿತ್ತು. ಅಭಿಮಾನಿ ಹೇಗೂ ಬರುತ್ತಾನೆ ಎಂದು ಭಾವಿಸಿ ಅವನಿಗಾಗಿ ಗೇಟು, ದಾರಿ, ಹೊತ್ತು ಯಾವುದನ್ನೂ ಯೋಚಿಸದಿರುವುದು ಯಾವ ತಂಡದ ಎದುರಿನ ಸೋಲಿಗಿಂತಲೂ ದೊಡ್ಡ ಅವಮಾನ. ಅದನ್ನು ಕೇಳುವ ಹಕ್ಕು ಎಲ್ಲರಿಗಿಂತ ಹೆಚ್ಚಾಗಿ ಹಳೆಯ ಅಭಿಮಾನಿಗಳದ್ದೇ. ಕಪ್‌ನ ಸಂಭ್ರಮ ಕೆಡುತ್ತದೆಂದು ಅವರಲ್ಲಿ ಅನೇಕರು ಸುಮ್ಮನಾದದ್ದು ಕಂಡರೆ, ಗೆದ್ದೆತ್ತಿನ ಬಾಲ ಕೈಗೆ ಬಂದ ಮೇಲೆ ಇವರೂ ಗಾದೆಯ ಮನುಷ್ಯರಾದರೇ ಎಂಬ ಅನುಮಾನ ಹುಟ್ಟುತ್ತದೆ.

ಗೆದ್ದ ಮೇಲೆ ಹೊಸಬರು ಬಂದಿದ್ದಾರೆ, ಬರುತ್ತಲೂ ಇರುತ್ತಾರೆ. ‘ನೀವೆಲ್ಲ ನಿನ್ನೆ ಮೊನ್ನೆ ಬಂದವರು, ನಾವು 2008ರಿಂದ ಇದ್ದೇವೆ’ ಎಂದು ಹಳಬರು ಮೂದಲಿಸುವುದೂ ಕೇಳುತ್ತಿದೆ. ಆ ಮೂದಲಿಕೆಯಲ್ಲಿ ಒಂದು ವಿಚಿತ್ರವಿದೆ: ಇಷ್ಟು ದಿನ ಪಾಲು ಬೇಡದವರು ಈಗ ಹಿರಿತನದ ಪಾಲು ಕೇಳುತ್ತಿದ್ದಾರೆ. ಹೊಸಬರಲ್ಲಿ ಯಾರು ಬಾಲ ಹಿಡಿಯಲು ಬಂದವರು, ಯಾರು ಉಳಿಯುವವರು ಎಂದು ಈಗಲೇ ವಿಂಗಡಿಸುವುದು ಯಾರಿಂದಲೂ ಆಗದು, ಏಕೆಂದರೆ 2008ರ ಏಪ್ರಿಲ್ 18ರ ಸಂಜೆ ಮೆಕಲಂ ಬ್ಯಾಟಿಗೆ ಕೈ ಹಾಕುವ ಮುಂಚೆ ಕ್ರೀಡಾಂಗಣದಲ್ಲಿ ಕೂತಿದ್ದವರೂ ಒಂದು ಗೆಲುವು ನೋಡಿ ಹೋಗೋಣ ಎಂದೇ ಬಂದಿದ್ದರು.